ಬಿಳಿ ರಕ್ತಕಣದೊಳಗಿನ ಬಣ್ಣ: ಅವಕೆಂಪು ಬೆಳಕು ಎಷ್ಟು ಹೇಳಬಲ್ಲದು, ಎಲ್ಲಿ ಸುಮ್ಮನಾಗುತ್ತದೆ?

ಹಚ್ಚೆ ಹಾಕಿಸಿಕೊಂಡವರ ಬಣ್ಣ ಎಲ್ಲಿ ಇರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಚರ್ಮದಲ್ಲಿ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರ ಉತ್ತರ ಇನ್ನೂ ನಿಖರವಾಗಿರುತ್ತದೆ. ಬಣ್ಣದ ದೊಡ್ಡ ಪಾಲು ಮ್ಯಾಕ್ರೋಫೇಜ್ ಎಂಬ ಜೀವಕೋಶಗಳ ಹೊಟ್ಟೆಯಲ್ಲಿರುತ್ತದೆ. ಇವು ಬಿಳಿ ರಕ್ತಕಣಗಳ ಕುಟುಂಬಕ್ಕೆ ಸೇರಿದವು. ಹೊರಗಿನಿಂದ ಬಂದದ್ದನ್ನು ನುಂಗಿ ಕರಗಿಸುವುದು ಇವುಗಳ ಕೆಲಸ. ಹಚ್ಚೆಯ ಬಣ್ಣ ಕರಗುವುದಿಲ್ಲ. ಹಾಗಾಗಿ ನುಂಗಿದ್ದು ಹಾಗೇ ಉಳಿಯುತ್ತದೆ.

ಫ್ರಾನ್ಸಿನ ಮಾರ್ಸೇ ನಗರದ ಸಂಶೋಧಕರು 2018ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಹಚ್ಚೆ ಹಾಕಿದ ಜಾಗದ ಮ್ಯಾಕ್ರೋಫೇಜ್‌ಗಳನ್ನು ಅವರು ಬೇಕೆಂದೇ ಕೊಂದರು. ಬಣ್ಣ ಹೊರಗೆ ಚೆಲ್ಲಿತು. ಕೆಲವೇ ವಾರಗಳಲ್ಲಿ ಹೊಸ ಮ್ಯಾಕ್ರೋಫೇಜ್‌ಗಳು ಬಂದು ಅದೇ ಬಣ್ಣವನ್ನು ಮತ್ತೆ ನುಂಗಿದವು. ಹೊರಗಿನಿಂದ ನೋಡಿದರೆ ಹಚ್ಚೆ ಒಂಚೂರೂ ಬದಲಾಗಿರಲಿಲ್ಲ. ಅಂದರೆ ಹಚ್ಚೆ ಎನ್ನುವುದು ಒಂದು ಕೋಶದಿಂದ ಇನ್ನೊಂದಕ್ಕೆ ಕೈ ಬದಲಾಗುತ್ತಲೇ ಇರುವ ಬಣ್ಣ. ಆ ಬಣ್ಣದ ಸ್ವಲ್ಪ ಭಾಗ ದುಗ್ಧರಸದ (ಲಿಂಫ್) ಜೊತೆ ಹರಿದು ಹತ್ತಿರದ ದುಗ್ಧಗ್ರಂಥಿಗಳಿಗೂ ಸೇರುತ್ತದೆ.

ಇದು ಈಗ ಯಾಕೆ ಚರ್ಚೆಗೆ ಬಂದಿದೆ? ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹಾಕಿತು. ತುಂಬ ಬಳಕೆಯಲ್ಲಿದ್ದ ಒಂದು ನೀಲಿ ಮತ್ತು ಒಂದು ಹಸಿರು ಪಿಗ್ಮೆಂಟಿಗೆ (ಕರಗದ ಬಣ್ಣದ ಪುಡಿಗೆ) ಮಾತ್ರ ಇನ್ನೊಂದು ವರ್ಷ ಸಮಯ ಕೊಟ್ಟಿತು. 2024ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು, ಹಚ್ಚೆ ಇರುವವರಲ್ಲಿ ಲಿಂಫೋಮಾ ಎಂಬ, ದುಗ್ಧ ವ್ಯವಸ್ಥೆಯ ಕ್ಯಾನ್ಸರಿನ ಅಪಾಯ ಶೇ. 21ರಷ್ಟು ಜಾಸ್ತಿ ಎಂಬ ಲೆಕ್ಕ ಮುಂದಿಟ್ಟರು. ಆದರೆ ಹಚ್ಚೆ ದೊಡ್ಡದಾದಂತೆ ಅಪಾಯ ಏರುವ ಲಕ್ಷಣ ಅದೇ ಅಧ್ಯಯನದಲ್ಲಿ ಕಾಣಲಿಲ್ಲ. ಇಂಥ ಲೆಕ್ಕ ಎರಡು ಸಂಗತಿಗಳು ಜೊತೆಗಿವೆ ಎಂದಷ್ಟೇ ಹೇಳುತ್ತದೆ, ಒಂದರಿಂದ ಇನ್ನೊಂದು ಆಯಿತು ಎಂದು ಹೇಳುವುದಿಲ್ಲ. ಮುಂದಿನ ಹೆಜ್ಜೆ ಇಡಬೇಕಾದರೆ ಕೋಶದೊಳಗೆ ಯಾವ ರಾಸಾಯನಿಕ ಇದೆ, ಅದು ಹಾಕಿದಾಗಿನಂತೆಯೇ ಇದೆಯೋ ಒಡೆದಿದೆಯೋ ಎಂದು ತಿಳಿಯಬೇಕು. ಅವಕೆಂಪು ಸ್ಪೆಕ್ಟ್ರೋಸ್ಕೋಪಿಯ ಹೆಸರು ಬರುವುದು ಇಲ್ಲಿ. ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ವಸ್ತುವಿನ ಮೇಲೆ ಹಾಯಿಸಿ, ಅದು ಹೀರಿಕೊಂಡದ್ದನ್ನು ನೋಡಿ ವಸ್ತು ಯಾವುದೆಂದು ಗುರುತಿಸುವ ವಿಧಾನ ಇದು. ಈ ವಿಧಾನದ ಬಗ್ಗೆ ನನಗೆ ತುಂಬ ಭರವಸೆ ಇದೆ. ಅದಕ್ಕೇ ಅದರ ಕೈಲಾಗದ್ದನ್ನು ಅದರ ತಲೆಗೆ ಕಟ್ಟುವುದನ್ನು ನೋಡಿದರೆ ಬೇಸರವಾಗುತ್ತದೆ.

ಬಣ್ಣ ಕಣ್ಣಿಗೇ ಕಾಣುತ್ತದಲ್ವಾ, ಅದಕ್ಕೆ ಬೇರೆ ಬೆಳಕು ಯಾಕೆ ಬೇಕು? ಕಾಣುವುದೇ ಬೇರೆ, ಗುರುತಿಸುವುದೇ ಬೇರೆ. ಕೋಶದೊಳಗೆ ಕೆಂಪು ಕಣ ಕಂಡರೆ ಅದು ಕಬ್ಬಿಣದ ಆಕ್ಸೈಡ್ ಇರಬಹುದು, ಅಜೋ ಎಂಬ ಸಾವಯವ ಬಣ್ಣಗಳ ಗುಂಪಿನ ಹತ್ತಾರು ಪಿಗ್ಮೆಂಟುಗಳಲ್ಲಿ ಯಾವುದಾದರೂ ಇರಬಹುದು. ಕಬ್ಬಿಣದ ಆಕ್ಸೈಡ್ ಸುಲಭಕ್ಕೆ ಬದಲಾಗುವುದಿಲ್ಲ. ಆದರೆ ಪಿಗ್ಮೆಂಟ್ ರೆಡ್ 22 ಎಂಬ ಅಜೋ ಬಣ್ಣ ಹಚ್ಚೆ ತೆಗೆಯುವ ಲೇಸರ್ ಬಿದ್ದಾಗ ಒಡೆದು, ನೈಟ್ರೋಅನಿಲೀನ್ ಗುಂಪಿನ ವಿಷಕಾರಿ ವಸ್ತು ಕೊಡುತ್ತದೆ. ಕಣ್ಣಿಗೆ ಎರಡೂ ಒಂದೇ ಕೆಂಪು.

ಅಣುವಿನೊಳಗೆ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧಗಳು ಸ್ಪ್ರಿಂಗಿನಂತೆ ಸದಾ ಕಂಪಿಸುತ್ತಿರುತ್ತವೆ. ಒಂದೊಂದು ಬಂಧಕ್ಕೆ ಒಂದೊಂದು ವೇಗ. ಆ ವೇಗಕ್ಕೆ ಸರಿಹೊಂದುವ ಅವಕೆಂಪು ಬೆಳಕು ಬಿದ್ದರೆ ಬಂಧ ಅದನ್ನು ಹೀರಿಕೊಳ್ಳುತ್ತದೆ. ಯಾವ ಯಾವ ಬೆಳಕು ಎಷ್ಟೆಷ್ಟು ಕಡಿಮೆಯಾಯಿತು ಎಂದು ಗೆರೆ ಎಳೆದರೆ ಅದೇ ಆ ಅಣುವಿನ ರೋಹಿತ. ಅಳತೆಗೆ ತರಂಗಸಂಖ್ಯೆ ಬಳಸುತ್ತಾರೆ. ಒಂದು ಸೆಂಟಿಮೀಟರಿನಲ್ಲಿ ಆ ಬೆಳಕಿನ ಎಷ್ಟು ಅಲೆಗಳು ಹಿಡಿಯುತ್ತವೆ ಎಂಬುದೇ ಆ ಸಂಖ್ಯೆ. ಈ ಕೆಲಸಕ್ಕೆ ಬೇಕಾದ ಬೆಳಕು ಹೆಚ್ಚುಕಡಿಮೆ 4000ದಿಂದ 400ರವರೆಗೆ ಹರಡಿದೆ.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು, ಯಾಕೆಂದರೆ ಸುದ್ದಿಗಳಲ್ಲಿ ಇದು ಪದೇ ಪದೇ ಕಲಸಿಹೋಗುತ್ತದೆ. ಅವಕೆಂಪು ಬೆಳಕಿನಲ್ಲಿ ಹಲವು ವಲಯಗಳಿವೆ. ಶಸ್ತ್ರಚಿಕಿತ್ಸೆ ವೇಳೆ ರಕ್ತನಾಳ, ದುಗ್ಧಗ್ರಂಥಿ ತೋರಿಸಲು ಇಂಡೋಸಯನೈನ್ ಗ್ರೀನ್ ಎಂಬ ಬಣ್ಣ ಕೊಡುತ್ತಾರೆ. ಅದು ಸುಮಾರು 800 ನ್ಯಾನೊಮೀಟರಿನ ಸಮೀಪ ಅವಕೆಂಪು ಬೆಳಕು ಹೀರಿ ತಾನೇ ಹೊಳೆಯುತ್ತದೆ. ಅಲ್ಲಿ ನೋಡುವುದು ಬಣ್ಣದ ಹೊಳಪನ್ನು. ನಾವು ಮಾತಾಡುತ್ತಿರುವುದು ಅದಕ್ಕಿಂತ ಉದ್ದ ಅಲೆಯ ಮಧ್ಯ ಅವಕೆಂಪು, ಅಂದರೆ 2.5 ಮೈಕ್ರಾನಿನಿಂದ 25 ಮೈಕ್ರಾನಿನವರೆಗಿನ ಬೆಳಕು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಇಲ್ಲಿ ಹೊಳಪಿನ ಪ್ರಶ್ನೆಯೇ ಇಲ್ಲ, ಬಂಧದ ಕಂಪನವನ್ನು ನೋಡುತ್ತೇವೆ. ಮೊದಲನೆಯದರ ಸೂಕ್ಷ್ಮತೆಯನ್ನು ಎರಡನೆಯದಕ್ಕೆ ಆರೋಪಿಸಿ ಬರೆದ ಲೇಖನಗಳನ್ನು ನಂಬಬೇಡಿ.

ಈಗ ಕಷ್ಟದ ಭಾಗ. ಕೋಶವೂ ಅಣುಗಳಿಂದಲೇ ಆದದ್ದು, ಅದೂ ಅವಕೆಂಪು ಬೆಳಕನ್ನು ಹೀರುತ್ತದೆ, ಅದೂ ಜೋರಾಗಿ. ತರಂಗಸಂಖ್ಯೆ 1650ರ ಹತ್ತಿರ ಮತ್ತು 1550ರ ಹತ್ತಿರ ಪ್ರೋಟೀನಿನ ಎರಡು ದೊಡ್ಡ ಶಿಖರಗಳು ಎದ್ದು ನಿಂತಿರುತ್ತವೆ. 2850 ಮತ್ತು 2920ರಲ್ಲಿ ಕೊಬ್ಬಿನದು. 1240 ಮತ್ತು 1080ರ ಸುತ್ತ ಡಿಎನ್‌ಎ, ಆರ್‌ಎನ್‌ಎ ಮತ್ತು ಕೋಶಪೊರೆಯ ಫಾಸ್ಫೇಟ್. ಒದ್ದೆ ಕೋಶವಾದರೆ ನೀರು ಕೂಡ 1645ರಲ್ಲಿ ಹೀರಿಕೊಂಡು ಪ್ರೋಟೀನಿನ ಶಿಖರದ ಮೇಲೇ ಕುಳಿತುಬಿಡುತ್ತದೆ. ಬಣ್ಣದ ಅಣುಗಳ ಗುರುತುಗಳು ಬರುವುದೂ ಇದೇ ಜನಜಂಗುಳಿಯಲ್ಲಿ. ಬೆಂಜೀನ್ ಉಂಗುರದ ಗುರುತು 1600ರ ಆಚೀಚೆ, ಅಂದರೆ ಪ್ರೋಟೀನಿನ ಎರಡು ಶಿಖರಗಳ ನಡುವಿನ ಕಣಿವೆಯಲ್ಲಿ. ಟ್ರೈಪಾನ್ ಬ್ಲೂ ತರಹದ ನೀರಿನಲ್ಲಿ ಕರಗುವ ಬಣ್ಣಗಳಲ್ಲಿರುವ ಸಲ್ಫೋನೇಟ್ ಗುಂಪು 1200 ಮತ್ತು 1040ರ ಸುತ್ತ ಬಲವಾಗಿ ಹೀರುತ್ತದೆ, ಆದರೆ ಅಲ್ಲೇ ಪಕ್ಕದಲ್ಲಿ ಫಾಸ್ಫೇಟ್ ಮತ್ತು ಸಕ್ಕರೆಗಳಿವೆ. ಅಜೋ ಬಣ್ಣಗಳ ಹೃದಯವೇ ಎರಡು ನೈಟ್ರೋಜನ್ ನಡುವಿನ ಬಂಧ. ಅದು ಎರಡೂ ಬದಿಗೆ ಒಂದೇ ತರಹ ಇದ್ದಾಗ ಅವಕೆಂಪಿನಲ್ಲಿ ಕಾಣುವುದೇ ಕಷ್ಟ. ಕಂಪಿಸುವಾಗ ವಿದ್ಯುದಂಶದ ಹಂಚಿಕೆ ಬದಲಾಗದಿದ್ದರೆ ಬೆಳಕು ಹೀರುವುದಿಲ್ಲ, ಅದು ಭೌತಶಾಸ್ತ್ರದ ನಿಯಮ. ಆ ಬಂಧವನ್ನು ನೋಡಲು, ಚದುರಿದ ಬೆಳಕನ್ನು ಓದುವ ರಾಮನ್ ಸ್ಪೆಕ್ಟ್ರೋಸ್ಕೋಪಿಯೇ ಸರಿ.

ಕಪ್ಪು ಹಚ್ಚೆಯ ಕಾರ್ಬನ್ ಬ್ಲ್ಯಾಕಿಗೆ ಅವಕೆಂಪಿನಲ್ಲಿ ಹೇಳಿಕೊಳ್ಳುವಂಥ ಗುರುತೇ ಇಲ್ಲ. ಎಲ್ಲ ಬೆಳಕನ್ನೂ ಒಟ್ಟಿಗೆ ನುಂಗಿ ರೋಹಿತವನ್ನು ಓರೆ ಮಾಡುತ್ತದೆ, ಅಷ್ಟೇ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ಸುಮಾರು 800ಕ್ಕಿಂತ ಕೆಳಗೆ ಅಗಲವಾಗಿ ಹೀರುತ್ತದೆ. ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಹಲವು ಸೆನ್ಸರುಗಳು ಅಲ್ಲಿಗೆ ಹೋಗುವ ಮೊದಲೇ ಕುರುಡಾಗುತ್ತವೆ. ಅತಿ ಹೆಚ್ಚು ಬಳಕೆಯ ಈ ಎರಡು ಬಣ್ಣಗಳ ವಿಷಯದಲ್ಲೇ ಈ ವಿಧಾನ ದುರ್ಬಲ ಎನ್ನುವುದನ್ನು ಮರೆಯಬಾರದು.

ಆದರೆ ಈ ಜಂಗುಳಿಯಲ್ಲಿ ಒಂದು ಖಾಲಿ ಜಾಗವಿದೆ. ಸುಮಾರು 1800ರಿಂದ 2700ರವರೆಗೆ ಕೋಶದ ಯಾವ ಅಣುವೂ ಹೆಚ್ಚು ಸದ್ದು ಮಾಡುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ 2350ರಲ್ಲಿ ತೊಂದರೆ ಕೊಡುತ್ತದೆ, ಒಣ ನೈಟ್ರೋಜನ್ ಹಾಯಿಸಿದರೆ ಅದೂ ಹೋಗುತ್ತದೆ. ಈ ಮೌನ ವಲಯದಲ್ಲಿ ಹೀರುವ ಬಂಧಗಳು ಕೆಲವೇ. ಕಾರ್ಬನ್ ಮತ್ತು ನೈಟ್ರೋಜನ್ ನಡುವೆ ಮೂರು ಬಂಧ ಇರುವ ನೈಟ್ರೈಲ್ 2230ರ ಸುತ್ತ, ಅಜೈಡ್ 2100ರ ಸುತ್ತ, ಲೋಹಕ್ಕೆ ಅಂಟಿದ ಕಾರ್ಬನಿಲ್ ಗುಂಪು 1900ರಿಂದ 2100ರ ನಡುವೆ. ಹಾಗಾಗಿ ಪ್ರಯೋಗಕ್ಕೆಂದೇ ಬಣ್ಣ ತಯಾರಿಸುವವರು ಇಂಥ ಒಂದು ಗುಂಪನ್ನು ಅಣುವಿಗೆ ಸೇರಿಸುತ್ತಾರೆ. ಆಗ ಕೋಶದೊಳಗೆ ಅದರ ಗುರುತು ಒಂಟಿಯಾಗಿ, ಸ್ಪಷ್ಟವಾಗಿ ಕಾಣುತ್ತದೆ.

ಹಚ್ಚೆಗೆ ಇದರಿಂದೇನು? 2015ರಲ್ಲಿ ಜರ್ಮನಿಯ ಸಂಶೋಧಕರು ಹಚ್ಚೆಯಲ್ಲಿ ಬಳಸುವ ತಾಮ್ರದ ಥ್ಯಾಲೋಸಯನೈನ್ ನೀಲಿಗೆ ಲೇಸರ್ ಹಾಯಿಸಿದಾಗ ಹೈಡ್ರೋಜನ್ ಸಯನೈಡ್, ಬೆಂಜೀನ್ ಜೊತೆಗೆ ಬೆಂಜೋನೈಟ್ರೈಲಿನಂಥ ತುಂಡುಗಳೂ ಹುಟ್ಟುವುದನ್ನು ಕಂಡರು. ಮೂಲ ನೀಲಿಯಲ್ಲಿ ನೈಟ್ರೈಲ್ ಇಲ್ಲ. ಒಡೆದ ತುಂಡಿನಲ್ಲಿದೆ. ಅಂಥ ತುಂಡುಗಳು ಕೋಶದಲ್ಲಿ ಸಾಕಷ್ಟು ಉಳಿದಿದ್ದರೆ ಮೌನ ವಲಯದಲ್ಲಿ ಒಂದು ಹೊಸ ಗೆರೆ ಏಳಬೇಕು. ಬಣ್ಣ ಇದೆಯೋ ಇಲ್ಲವೋ ಎಂಬ ಪ್ರಶ್ನೆಗಿಂತ ಬಣ್ಣ ಒಡೆದಿದೆಯೋ ಎಂಬ ಪ್ರಶ್ನೆಗೆ ಈ ವಿಧಾನ ಹೆಚ್ಚು ಒಗ್ಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

"ಸಾಕಷ್ಟು" ಎಂದರೆ ಎಷ್ಟು? ಒಂದು ಅಂದಾಜು ಲೆಕ್ಕ ಹಾಕೋಣ. ಗಾಜಿನಂಥ ಕಿಟಕಿಯ ಮೇಲೆ ಹರಡಿಕೊಂಡ ಕೋಶದ ದಪ್ಪ 5 ಮೈಕ್ರಾನ್ ಎಂದಿಟ್ಟುಕೊಳ್ಳಿ. ಬೆಳಕು ಶೇ. 0.2ರಷ್ಟು ಕಡಿಮೆಯಾದರೂ ಉಪಕರಣ ಗುರುತಿಸುತ್ತದೆ ಎನ್ನೋಣ. ಬಣ್ಣದ ಗೆರೆ ತಕ್ಕಮಟ್ಟಿಗೆ ಬಲವಾದದ್ದು ಎಂದುಕೊಂಡರೂ, ಕೋಶದೊಳಗೆ ಅದರ ಸಾಂದ್ರತೆ ಕೆಲವು ಮಿಲಿಮೋಲಾರ್ (ಅಣುಗಳು ಎಷ್ಟು ದಟ್ಟವಾಗಿವೆ ಎಂಬುದರ ಅಳತೆ) ಆದರೂ ಬೇಕು. 10 ಮೈಕ್ರಾನ್ ಅಡ್ಡಗಲದ ದುಂಡು ಕೋಶದಲ್ಲಿ 4 ಮಿಲಿಮೋಲಾರ್ ಎಂದರೆ ನೂರು ಕೋಟಿಗೂ ಹೆಚ್ಚು ಅಣುಗಳು. ತೂಕದಲ್ಲಿ ಸುಮಾರು ಒಂದು ಪಿಕೊಗ್ರಾಂ (ಗ್ರಾಮಿನ ಲಕ್ಷ ಕೋಟಿಯ ಒಂದು ಭಾಗ), ಕೋಶದ ತೂಕದ ಶೇ. 0.2ರ ಹತ್ತಿರ. ಹೊಳೆಯುವ ಬಣ್ಣಗಳ ವಿಧಾನದಲ್ಲಿ ಒಂದೇ ಒಂದು ಅಣುವನ್ನೂ ನೋಡಬಹುದು. ಹೋಲಿಸಿದರೆ ಅವಕೆಂಪಿನ ಕಣ್ಣು ಬಹಳ ಮಂದ.

ಹಚ್ಚೆಯ ಕಣಗಳಿಂದ ತುಂಬಿಹೋದ ಮ್ಯಾಕ್ರೋಫೇಜಿನಲ್ಲಿ ಈ ಮಿತಿ ಅಡ್ಡ ಬರುವುದಿಲ್ಲ, ಅಲ್ಲಿ ಬಣ್ಣ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಆದರೆ ತೋಳಿನಿಂದ ತೆಗೆದ ರಕ್ತದಲ್ಲಿ ತೇಲುವ, ಮಾನೋಸೈಟ್ ಎಂಬ ಒಂದು ಬಿಳಿ ರಕ್ತಕಣದಲ್ಲಿ ಕೆಲವೇ ನ್ಯಾನೊಕಣಗಳು ಇದ್ದರೆ? ಕಾಣುವುದಿಲ್ಲ. ರಕ್ತದ ಹನಿಯೊಂದನ್ನು ಅವಕೆಂಪಿನಲ್ಲಿ ನೋಡಿ ದೇಹದಲ್ಲಿರುವ ಬಣ್ಣದ ಜಾಡು ಹಿಡಿಯುತ್ತೇವೆ ಎಂದು ಯಾರಾದರೂ ಪರೀಕ್ಷೆ ಮಾರಲು ಬಂದರೆ, ಈ ಲೆಕ್ಕವನ್ನು ಅವರ ಮುಂದಿಡಿ.

ಅಲೆಯ ಉದ್ದವೂ ಒಂದು ಅಡ್ಡಿ. 1650ರ ಬೆಳಕಿನ ಅಲೆ ಸುಮಾರು 6 ಮೈಕ್ರಾನ್, 1000ದ್ದು 10 ಮೈಕ್ರಾನ್. ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಅಡ್ಡಗಲ 7ರಿಂದ 10 ಮೈಕ್ರಾನ್. ಅಲೆಯೇ ಕೋಶದಷ್ಟು ಇರುವಾಗ ಕೋಶದ ಒಳಗಿನ ವಿವರ ಕಾಣುವುದು ಹೇಗೆ? ಇಡೀ ಕೋಶಕ್ಕೆ ಒಂದು ರೋಹಿತ ಸಿಗುತ್ತದೆ, ಅಷ್ಟೇ. ಸಿಂಕ್ರೋಟ್ರಾನ್ ಎಂಬ, ಎಲೆಕ್ಟ್ರಾನುಗಳನ್ನು ಸುತ್ತಿಸಿ ಬೆಳಕು ಹುಟ್ಟಿಸುವ ದೊಡ್ಡ ಯಂತ್ರದ ಪ್ರಖರ ಬೆಳಕು ಅಳತೆಯ ಏರುಪೇರು ಕಡಿಮೆ ಮಾಡಿ ಗೆರೆಗಳನ್ನು ಚೊಕ್ಕ ಮಾಡುತ್ತದೆ. ಆದರೆ ಅಲೆಯನ್ನು ಗಿಡ್ಡ ಮಾಡಲು ಅದಕ್ಕೂ ಆಗದು.

ಈ ಗೋಡೆ ಒಡೆದದ್ದು ಫೋಟೋಥರ್ಮಲ್ ವಿಧಾನ. ಅವಕೆಂಪು ಬೆಳಕು ಹೀರಿದ ಜಾಗ ಒಂಚೂರು ಬಿಸಿಯಾಗುತ್ತದೆ. ಆ ಬಿಸಿಯನ್ನು ಕಣ್ಣಿಗೆ ಕಾಣುವ ಬಣ್ಣದ ಇನ್ನೊಂದು ಲೇಸರಿನಿಂದ ಅಳೆಯುತ್ತಾರೆ. ಕಾಣುವ ಬೆಳಕಿನ ಅಲೆ ಗಿಡ್ಡ, ಹಾಗಾಗಿ ಅರ್ಧ ಮೈಕ್ರಾನಿನ ವಿವರವೂ ಸಿಗುತ್ತದೆ. 2016ರಲ್ಲಿ ಸಂಶೋಧಕ ಜಿ-ಶಿನ್ ಚೆಂಗ್ ಅವರ ತಂಡ ಜೀವಂತ ಕೋಶಗಳಲ್ಲೇ ಇದನ್ನು ಮಾಡಿ ತೋರಿಸಿತು. ಕೋಶದೊಳಗಿನ ಒಂದೊಂದು ಚೀಲವನ್ನೂ ಬೇರೆ ಬೇರೆಯಾಗಿ ಓದುವ ದಾರಿ ಇದರಿಂದ ತೆರೆಯಿತು. ಆದರೆ ನಮ್ಮ ಕೆಲಸಕ್ಕೆ ಒಂದು ತೊಡಕಿದೆ. ಅಳೆಯುವ ಲೇಸರ್ ಹೆಚ್ಚಾಗಿ ಹಸಿರು. ಕೆಂಪು ಪಿಗ್ಮೆಂಟ್ ಹಸಿರು ಬೆಳಕನ್ನು ಗಬಕ್ಕನೆ ಹೀರುತ್ತದೆ. ಕಪ್ಪು ಎಲ್ಲವನ್ನೂ ಹೀರುತ್ತದೆ. ಲೇಸರ್ ಜೋರಾದರೆ ಕಣ ಅಲ್ಲೇ ಸುಟ್ಟುಹೋಗುತ್ತದೆ, ನಾವು ಓದುವುದು ಸುಟ್ಟ ವಸ್ತುವಿನ ರೋಹಿತವನ್ನು. ಲೇಸರಿನ ಶಕ್ತಿ ತಗ್ಗಿಸಿ, ಅದೇ ಜಾಗವನ್ನು ಎರಡು ಸಲ ಅಳೆದು, ಎರಡೂ ಒಂದೇ ಬಂದಿದೆಯೇ ಎಂದು ತೋರಿಸದ ಫಲಿತಾಂಶವನ್ನು ನಾನಂತೂ ಒಪ್ಪಲಾರೆ.

ಬಣ್ಣ ಕೋಶದ ಒಳಗಿದೆಯೋ, ಮೈಗೆ ಅಂಟಿದೆಯೋ? ಇದು ಚಿಕ್ಕ ಪ್ರಶ್ನೆ ಅನ್ನಿಸಬಹುದು, ಆದರೆ ತೀರ್ಮಾನ ನಿಲ್ಲುವುದು ಬೀಳುವುದು ಇದರ ಮೇಲೆ. ಲ್ಯಾಬಿನಲ್ಲಿ ಕೋಶಗಳಿಗೆ ಬಣ್ಣ ಹಾಕಿ, ತೊಳೆದು, ಅವಕೆಂಪಿನಲ್ಲಿ ನೋಡಿ ಬಣ್ಣ ಕಂಡಿತು ಎಂದರೆ ಅದು ಪೊರೆಯ ಹೊರಗೇ ಮೆತ್ತಿಕೊಂಡಿರಬಹುದು. ಇದಕ್ಕೆ ಹಳೆಯ, ಸರಳ ಪರೀಕ್ಷೆ ಒಂದಿದೆ. ಅದೇ ಕೋಶ, ಅದೇ ಬಣ್ಣ, ಆದರೆ 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಇಡುವುದು. ಆ ಚಳಿಯಲ್ಲಿ ಕೋಶ ನುಂಗುವುದನ್ನು ನಿಲ್ಲಿಸುತ್ತದೆ, ಅಂಟುವುದು ಮಾತ್ರ ನಡೆಯುತ್ತದೆ. 37 ಡಿಗ್ರಿಯಲ್ಲಿ ಸಿಕ್ಕ ಗೆರೆ ಚಳಿಯಲ್ಲಿ ಇಟ್ಟ ಕೋಶದಲ್ಲೂ ಅಷ್ಟೇ ಬಲವಾಗಿ ಬಂದರೆ, ನುಂಗಿತು ಎನ್ನಲು ಆಧಾರವೇ ಇಲ್ಲ. ಇದರ ಜೊತೆ ಬಣ್ಣ ಮುಟ್ಟದ ಕೋಶ, ಕೋಶವಿಲ್ಲದ ಬಣ್ಣ ಎರಡರ ರೋಹಿತವೂ ಬೇಕು.

ಬಣ್ಣದ ರೋಹಿತ ತೆಗೆಯುವಾಗಲೂ ಎಚ್ಚರ ಬೇಕು. ಒಣ ಪುಡಿಯ ರೋಹಿತವನ್ನು ಕೋಶದೊಳಗಿನದಕ್ಕೆ ಹೋಲಿಸಿದರೆ ಕರಗುವ ಬಣ್ಣಗಳ ವಿಷಯದಲ್ಲಿ ಎಡವುತ್ತೇವೆ. ನುಂಗಿದ ವಸ್ತು ಸೇರುವುದು ಲೈಸೋಸೋಮ್ ಎಂಬ ಚೀಲಕ್ಕೆ. ಅಲ್ಲಿನ ಪಿಎಚ್ 4.5ರಿಂದ 5, ಅಂದರೆ ಹುಳಿ. ಹುಳಿಯಲ್ಲಿ ಬಣ್ಣದ ಅಣು ಪ್ರೋಟಾನ್ ಹಿಡಿದುಕೊಂಡರೆ, ಇಲ್ಲವೇ ಅಣುಗಳು ಒಂದಕ್ಕೊಂದು ಅಂಟಿ ಗುಂಪಾದರೆ, ಗೆರೆಗಳು ಜರುಗುತ್ತವೆ. ಕರಗದ ಪಿಗ್ಮೆಂಟಿನಲ್ಲಿ ಈ ತಲೆನೋವು ಕಡಿಮೆ, ಅದು ಹರಳಾಗಿಯೇ ಉಳಿಯುತ್ತದೆ.

ಮಾದರಿ ತಯಾರಿಯಲ್ಲೂ ಬಲೆಗಳಿವೆ. ಮಾಮೂಲಿ ಗಾಜಿನ ಸ್ಲೈಡ್ ಸುಮಾರು 2000ಕ್ಕಿಂತ ಕೆಳಗಿನ ಬೆಳಕನ್ನೆಲ್ಲ ತಾನೇ ನುಂಗುತ್ತದೆ, ಅದಕ್ಕೇ ಕ್ಯಾಲ್ಸಿಯಂ ಫ್ಲೋರೈಡಿನ ಕಿಟಕಿ ಬಳಸುತ್ತಾರೆ. ಆಸ್ಪತ್ರೆಯಲ್ಲಿ ಮೇಣದಲ್ಲಿ ಕೂಡಿಸಿಟ್ಟ ತುಣುಕಾದರೆ ಮೇಣದ ಗೆರೆಗಳು ಕೊಬ್ಬಿನ ಗೆರೆಗಳ ಮೇಲೇ ಬರುತ್ತವೆ. ರಕ್ತ ಪರೀಕ್ಷೆಗೆಂದು ಗೀಮ್ಸಾ ಹಾಕಿದ ಸ್ಲೈಡನ್ನಂತೂ ಮುಟ್ಟಲೇಬಾರದು, ಅದರಲ್ಲಿ ನಾವೇ ಹಾಕಿದ ಬಣ್ಣವಿದೆ. 1908ರಲ್ಲಿ ನೊಬೆಲ್ ಹಂಚಿಕೊಂಡ ಇಬ್ಬರಲ್ಲಿ ಪಾಲ್ ಎರ್ಲಿಶ್ ಬಿಳಿ ಕಣಗಳಿಗೆ ಬಣ್ಣ ಹಾಕಿ ವಿಂಗಡಿಸಿದವರು, ಇಲ್ಯಾ ಮೆಚ್ನಿಕಾಫ್ ಅವು ನುಂಗುವುದನ್ನು ಗುರುತಿಸಿದವರು. ಇಂದಿನ ಈ ಕೆಲಸಕ್ಕೆ ಇಬ್ಬರ ದಾರಿಯೂ ಬೇಕು, ಆದರೆ ಒಂದೇ ಸ್ಲೈಡಿನ ಮೇಲೆ ಎರಡೂ ಕೂಡದು.

ಇನ್ನೊಂದು ಮೋಸ ಬೆಳಕು ಚದುರುವುದರಿಂದ ಬರುತ್ತದೆ. ಕೋಶದ ಗಾತ್ರ ಅಲೆಯಷ್ಟೇ ಇದ್ದಾಗ ಬೆಳಕು ಹೀರಿಕೆಯಾಗದೆಯೂ ಪಕ್ಕಕ್ಕೆ ಚದುರಿ ಕಡಿಮೆಯಾಗುತ್ತದೆ. ರೋಹಿತದ ತಳ ಅಲೆಯಲೆಯಾಗಿ ಏಳುತ್ತದೆ, ಪ್ರೋಟೀನಿನ ಶಿಖರ ಕೆಳಗಿನ ಸಂಖ್ಯೆಯ ಕಡೆ ಜರುಗಿದಂತೆ ತೋರುತ್ತದೆ. ಬಣ್ಣ ನುಂಗಿದ ಕೋಶ ಊದಿಕೊಂಡಿರುತ್ತದೆ, ಒಳಗೆ ಗಟ್ಟಿ ಕಣಗಳಿರುತ್ತವೆ, ಹಾಗಾಗಿ ಹೆಚ್ಚು ಚದುರಿಸುತ್ತದೆ. ಇದನ್ನು ಸರಿಪಡಿಸುವ ಗಣಿತ ಈಗ ಚೆನ್ನಾಗಿ ಬೆಳೆದಿದೆ. ಅದನ್ನು ಬಳಸದೆ ರೋಹಿತಗಳನ್ನು ನೇರ ಕಂಪ್ಯೂಟರಿಗೆ ತುಂಬಿದರೆ, ಬಣ್ಣವಿರುವ ಕೋಶ, ಇಲ್ಲದ ಕೋಶ ಎಂದು ಅದು ಸೊಗಸಾಗಿ ಬೇರ್ಪಡಿಸಿಕೊಡುತ್ತದೆ. ಆದರೆ ಅದು ಕಲಿತದ್ದು ಊದಿದ ಕೋಶವನ್ನು ಗುರುತಿಸುವುದನ್ನು. ಬಣ್ಣದ ರಸಾಯನ ಅದಕ್ಕೆ ತಿಳಿದೇ ಇರುವುದಿಲ್ಲ. ಒಬ್ಬರದೇ ರಕ್ತದ ಕೋಶಗಳಿಂದ ಕಲಿಸಿ, ಅವರದೇ ಕೋಶಗಳ ಮೇಲೆ ಪರೀಕ್ಷಿಸಿದ ಕಂಪ್ಯೂಟರ್ ಮಾದರಿಗೂ ಇದೇ ಗತಿ.

ಇಷ್ಟೆಲ್ಲ ಹೇಳಿದ ಮೇಲೆ, ಸರಿಯಾಗಿ ಮಾಡಿದ ಕೆಲಸ ಹೇಗಿರುತ್ತದೆ ಎಂಬುದಕ್ಕೆ 2017ರ ಒಂದು ಅಧ್ಯಯನ ನೋಡಬೇಕು. ಜರ್ಮನಿಯ ಅಪಾಯ ಅಂದಾಜು ಸಂಸ್ಥೆ ಮತ್ತು ಫ್ರಾನ್ಸಿನ ಗ್ರೆನೋಬಲಿನ ಐರೋಪ್ಯ ಸಿಂಕ್ರೋಟ್ರಾನ್ ಕೇಂದ್ರದವರು ತೀರಿಕೊಂಡವರ ಚರ್ಮ ಮತ್ತು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದರು. ಟೈಟಾನಿಯಂನಂಥ ಧಾತುಗಳನ್ನು ಎಕ್ಸ್-ರೇ ಬಿದ್ದಾಗ ಅವು ಹೊರಸೂಸುವ ಕಿರಣಗಳಿಂದ (ಎಕ್ಸ್-ರೇ ಪ್ರತಿದೀಪ್ತಿ) ಹುಡುಕಿದರು. ಸಾವಯವ ಪಿಗ್ಮೆಂಟುಗಳನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಗುರುತಿಸಿದರು. ಅವಕೆಂಪಿಗೆ ಕೊಟ್ಟ ಕೆಲಸ ಬೇರೆಯೇ: ಕಣದ ಪಕ್ಕದ ಅಂಗಾಂಶದಲ್ಲಿ ಏನು ಬದಲಾಗಿದೆ ಎಂದು ನೋಡುವುದು. ಬಣ್ಣದ ಕಣಗಳ ಸಮೀಪ ಜೈವಿಕ ಅಣುಗಳ ಆಕಾರ ಬದಲಾಗಿರುವುದು ಕಂಡಿತು. ನನಗೆ ಬಹಳ ಇಷ್ಟವಾಗುವ ಹಂಚಿಕೆ ಇದು. ಒಂದೇ ಉಪಕರಣದಿಂದ ಎಲ್ಲವನ್ನೂ ಹೇಳಿಸುವ ಆಸೆ ಅಲ್ಲಿರಲಿಲ್ಲ. ಬಣ್ಣದ ಹೆಸರನ್ನು ಬೇರೆ ಯಂತ್ರಗಳೂ ಹೇಳಬಲ್ಲವು. ಬಣ್ಣದ ಪಕ್ಕದಲ್ಲಿ ಕೋಶ ಹೇಗಿದೆ ಎಂಬುದನ್ನು ಹೊರಗಿನ ಯಾವ ರಾಸಾಯನಿಕವನ್ನೂ ಹಾಕದೆ ಹೇಳುವ ಶಕ್ತಿ ಅವಕೆಂಪಿನಷ್ಟು ಸಲೀಸಾಗಿ ಬೇರೆ ಕಡೆ ಸಿಗುವುದು ಕಷ್ಟ.

ಮುಂದಿನ ದೊಡ್ಡ ಅಡ್ಡಿ ಮಾತ್ರ ಲ್ಯಾಬಿನ ಹೊರಗಿದೆ. ರೋಹಿತ ಹೋಲಿಸಿ ನೋಡಲು ಮೂಲ ಬಣ್ಣದ ರೋಹಿತ ಕೈಯಲ್ಲಿರಬೇಕು. 2024ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 54 ಹಚ್ಚೆ ಶಾಯಿಗಳನ್ನು ಪರೀಕ್ಷಿಸಿದಾಗ 45ರಲ್ಲಿ ಲೇಬಲ್ಲಿನಲ್ಲಿ ಹೇಳದ ಪಿಗ್ಮೆಂಟ್ ಇಲ್ಲವೇ ಸೇರಿಕೆ ವಸ್ತು ಸಿಕ್ಕಿತು. ಸೀಸೆಯಲ್ಲಿ ಏನಿತ್ತು ಎಂದೇ ಗೊತ್ತಿಲ್ಲದಿದ್ದರೆ, ಹತ್ತು ವರ್ಷದ ನಂತರ ಕೋಶದೊಳಗೆ ಕಂಡದ್ದು ಸೀಸೆಯಿಂದ ಬಂದದ್ದೋ, ಒಳಗೆ ಒಡೆದು ಹುಟ್ಟಿದ್ದೋ ಎಂದು ಹೇಳುವುದು ಹೇಗೆ? ಶಾಯಿ ಮಾರುವ ಮೊದಲೇ ಪ್ರತಿ ಬ್ಯಾಚಿನ ಅವಕೆಂಪು ರೋಹಿತವನ್ನು ಎಲ್ಲರಿಗೂ ಸಿಗುವಂತೆ ದಾಖಲಿಸಬೇಕು ಎಂದು ನಿಯಮ ಬಂದರೆ ಈ ಗಂಟು ಬಿಡುತ್ತದೆ. ಪುಡಿಯನ್ನು ಸ್ಫಟಿಕದ ಮೇಲೆ ಒತ್ತಿ ರೋಹಿತ ತೆಗೆಯಲು ಕೆಲವೇ ನಿಮಿಷ ಸಾಕು, ಅದಕ್ಕೆ ಸಿಂಕ್ರೋಟ್ರಾನ್ ಬೇಕಿಲ್ಲ.